ಇನ್‌ಕಮಿಂಗ್ ಇದ್ದರೆ ಸಾಕು

"ಔಟ್‌ಗೋಯಿಂಗ್ ಬ್ಯಾಡ ಅಂದ್ನಲ್ಲಪ್ಪ. ನಾನು ಯಾರಿಗೂ ಫೋನ್ ಮಾಡಾಕಿಲ್ಲ. ಬಂದ್ರೆ ಸಾಕು."

ಗಂಗಲಕ್ಷ್ಮಮ್ಮ ಇದನ್ನು ಹೇಳುತ್ತಿರುವುದು ಮೂರನೇ ಸಲ. ತುಮಕೂರು ಬಸ್‌ಸ್ಟ್ಯಾಂಡಿನ ಎದುರು ಸಾಲಿನಲ್ಲಿ, ಜೆರಾಕ್ಸ್ ಅಂಗಡಿಗೂ ಬೇಕರಿಗೂ ನಡುವೆ ಒತ್ತರಿಸಿಕೊಂಡು ನಿಂತ ಮೊಬೈಲ್ ಅಂಗಡಿ ಅದು. ಗಾಜಿನ ಕೌಂಟರಿನ ಹಿಂದಿದ್ದ ಚಂದ್ರುವಿಗೆ ಇಂಥ ಗಿರಾಕಿ ಇದುವರೆಗೆ ಸಿಕ್ಕಿರಲಿಲ್ಲ. ಬರುವವರೆಲ್ಲ ನಿಮಿಷಕ್ಕೆ ಎಷ್ಟು, ಎಸ್‌ಟಿಡಿಗೆ ಎಷ್ಟು, ರಾತ್ರಿ ಹೊತ್ತು ಫ್ರೀ ಇದೆಯಾ ಎಂದು ಪ್ರಾಣ ತಿನ್ನುವವರೇ. ಫೋನು ಬೇಕು, ಮಾತು ಬೇಡ ಎನ್ನುವ ಹೆಂಗಸನ್ನು ಅವನು ನೋಡುತ್ತಿದ್ದುದು ಇದೇ ಮೊದಲು.

"ನೋಡಿ ಅಮ್ಮ, ಇದು ಮುನ್ನೂರು ಚಿಲ್ರೆ ಕಾರ್ಡು. ಗೀಚಿ ನಂಬರ್ ಒತ್ತಿದ್ರೆ ಕರೆನ್ಸಿ ಬೀಳುತ್ತೆ. ಒಂದು ತಿಂಗಳು ವ್ಯಾಲಿಡಿಟಿ."

"ತಿಂಗ್ಳಾದ್ ಮ್ಯಾಲೆ?"

"ಇನ್ನೊಂದು ಗೀಚಬೇಕು."

"ಗೀಚದಿದ್ರೆ?"

"ಸ್ವಲ್ಪ ದಿನ ನೋಡ್ತಾರೆ. ಆಮೇಲೆ ಇನ್‌ಕಮಿಂಗೂ ಕಟ್ ಮಾಡ್ತಾರೆ."

"ಹಂಗಾದ್ರೆ ಬ್ಯಾಡ. ನಂಗೆ ಬೇಕಾದ ಫೋನು ಯಾವತ್ತು ಬರುತ್ತೋ ಗೊತ್ತಿಲ್ಲ. ಬಂದ ದಿನ ಇದು ಸತ್ತಿದ್ರೆ ಏನ್ ಮಾಡ್ಲಿ?"

ಚಂದ್ರು ಕಾರ್ಡುಗಳನ್ನು ಡ್ರಾಯರಿಗೆ ಹಾಕಿ, ಗೋಡೆಗೆ ಅಂಟಿಸಿದ್ದ ಹೊಸ ಪೋಸ್ಟರಿನ ಕಡೆ ಕೈ ತೋರಿಸಿದ. "ಲೈಫ್‌ಟೈಮ್ ಅಂತ ಈಗ ಬಂದಿದೆ. ಒಂದ್ಸಲ ಸಾವಿರ ಕಟ್ಬುಡಿ, ಜೀವಮಾನ ಪೂರ್ತಿ ಇನ್‌ಕಮಿಂಗ್ ಫ್ರೀ. ತಿಂಗಳು ತಿಂಗಳು ಗೀಚೋ ತಾಪತ್ರಯ ಇಲ್ಲ. ಆದ್ರೆ ನೀವಾಗಿ ಮಾಡಿದ್ರೆ ರೇಟ್ ಜಾಸ್ತಿ. ನಿಮಿಷಕ್ಕೆ ಎರಡು ರೂಪಾಯಿ."

"ಯಾರ ಜೀವಮಾನ? ನಂದಾ, ಕಂಪ್ನೀದಾ?"

ಚಂದ್ರು ನಕ್ಕುಬಿಟ್ಟ. ಆಕೆ ನಗಲಿಲ್ಲ. ಇನ್ನೊಂದು ಪ್ರಶ್ನೆ ಬಾಕಿಯಿತ್ತು. "ಫೋನ್ ಬಂದಿದ್ದು ಎಷ್ಟೊತ್ತಿಗೆ ಅಂತ ಇದ್ರಲ್ಲಿ ಉಳ್ಕಂತದಾ?"

"ಉಳ್ಕೊಳುತ್ತೆ. ಯಾರು ಮಾಡಿದ್ರು, ಯಾವ ತಾರೀಕು, ಎಷ್ಟು ಗಂಟೆ, ಎಲ್ಲ."

"ಬಂದೇ ಇಲ್ಲ ಅಂತ ಯಾರೂ ಅನ್ನಂಗಿಲ್ಲ?"

"ಅನ್ನಂಗೇ ಇಲ್ಲ."

"ಕೊಡು ಹಂಗಾದ್ರೆ."

ರೇಷನ್ ಕಾರ್ಡಿನ ಜೆರಾಕ್ಸು, ಎರಡು ಫೋಟೋ, ಹೆಬ್ಬೆಟ್ಟು ಬೇಡವೆಂದು ಹಟಮಾಡಿ ಬರೆದ ಸಹಿ, ಎಲ್ಲ ಮುಗಿದ ಮೇಲೆ ಚಂದ್ರು ಒಂದು ಸೆಕೆಂಡ್‌ಹ್ಯಾಂಡ್ ಹ್ಯಾಂಡ್‌ಸೆಟ್ಟಿಗೆ ಸಿಮ್ ಹಾಕಿ ಕೊಟ್ಟ. ಕೊಡುವ ಮುಂಚೆ ಅವನ ಮನಸ್ಸು ತಡೆಯಲಿಲ್ಲ. "ಒಂದು ಹತ್ತು ರೂಪಾಯಿ ಕರೆನ್ಸಿ ಹಾಕಿಸ್ಕೊಳಿ ಅಮ್ಮ. ಒಳಗೆ ಕಾಸಿಲ್ಲ ಅಂದ್ರೆ ಮಿಸ್ ಕಾಲ್ ಕೊಡಕ್ಕೂ ಆಗಲ್ಲ, ರಿಂಗೇ ಹೋಗಲ್ಲ. ಅದು ಇದು ಹಿಡ್ಕೊಂಡು ಆರು ರೂಪಾಯಿ ಉಳಿಯುತ್ತೆ. ಆಪತ್ತಿಗೆ ಮೂರು ನಿಮಿಷ ಮಾತಾಡ್ಬೋದು."

"ನಂಗೆ ಬರೋ ಆಪತ್ತೆಲ್ಲ ಬಂದಾಗೈತೆ ಕಣಪ್ಪ," ಎಂದಳು. ಆದರೂ ಹತ್ತು ರೂಪಾಯಿ ಬಿಚ್ಚಿದಳು.

ಇಲ್ಲಿ ಒಂದು ಮಾತು ನೇರವಾಗಿ ಹೇಳಿಬಿಡುವುದು ವಾಸಿ. ಗಂಗಲಕ್ಷ್ಮಮ್ಮ ಆ ಫೋನು ಕೊಂಡದ್ದು ಸೇಡು ತೀರಿಸಿಕೊಳ್ಳುವುದಕ್ಕೆ. ರವಿಕೆ ಹೊಲಿದು, ಸೀರೆಗೆ ಫಾಲ್ ಹಚ್ಚಿ ಕೂಡಿಸಿದ್ದ ದುಡ್ಡನ್ನು ಯಾರಾದರೂ ಅಷ್ಟು ಸುಲಭವಾಗಿ ಮಾತಿಗೆ ಸುರಿಯುತ್ತಾರೆಯೇ? ಸೇಡಿಗಾದರೆ ಸುರಿಯುತ್ತಾರೆ.

ಗುಬ್ಬಿಯಲ್ಲಿ ಅವಳಿದ್ದ ಓಣಿಯಲ್ಲಿ ಏಳು ಮನೆ. ಏಳು ಮನೆಗೂ ಸೇರಿ ಫೋನಿದ್ದದ್ದು ಒಂದೇ ಮನೆಯಲ್ಲಿ, ಎದುರುಗಡೆಯ ಸದಾಶಿವಯ್ಯನವರ ಮನೆಯಲ್ಲಿ. ಹತ್ತು ವರ್ಷದ ಹಿಂದೆ ಆ ಫೋನು ಬಂದ ದಿನ ಅವರ ಹೆಂಡತಿ ರೇವಮ್ಮ ಅದಕ್ಕೆ ಅರಿಶಿನ ಕುಂಕುಮ ಇಟ್ಟು, ಕಸೂತಿ ಬಟ್ಟೆ ಹೊದಿಸಿ, ಡಯಲಿಗೆ ಸಣ್ಣ ಬೀಗ ಜಡಿದಿದ್ದಳು. ಓಣಿಯವರೆಲ್ಲ ಲಗ್ನಪತ್ರಿಕೆಯಲ್ಲಿ, ಸ್ಕೂಲಿನ ಅರ್ಜಿಯಲ್ಲಿ, ನೆಂಟರ ಡೈರಿಯಲ್ಲಿ ಅದೇ ನಂಬರನ್ನು ಬರೆಸಿ ಮುಂದೆ ಪಿ.ಪಿ. ಎಂದು ಎರಡಕ್ಷರ ಸೇರಿಸುತ್ತಿದ್ದರು. ಅಂದರೆ ಫೋನು ನಮ್ಮದಲ್ಲ, ಪಕ್ಕದವರದು, ಆದರೆ ಕರೆದುಕೊಡುತ್ತಾರೆ ಎಂದು. ಕರೆದುಕೊಡುವ ಕೆಲಸ ರೇವಮ್ಮನ ಮಗಳು ಕೃತಿಕಾಳದು. ಲಂಗ ಎತ್ತಿಕೊಂಡು ಓಡಿಬಂದು ಕಿಟಕಿಯಲ್ಲಿ ಮುಖ ತೂರಿಸಿ "ಗಂಗಕ್ಕಾ, ಫೋನು!" ಎಂದು ಕೂಗುತ್ತಿದ್ದಳು. ಆ ಲಂಗಗಳನ್ನೆಲ್ಲ ಹೊಲಿದದ್ದೂ ಗಂಗಲಕ್ಷ್ಮಮ್ಮನೇ.

ತೊಂಬತ್ತೊಂಬತ್ತರ ಶ್ರಾವಣದಲ್ಲಿ ಕುಣಿಗಲ್ಲಿನಲ್ಲಿ ಅವಳ ಅವ್ವ ಹಾಸಿಗೆ ಹಿಡಿದಳು. ಅಣ್ಣ ಮುದ್ದಯ್ಯ ಅಲ್ಲಿನ ಎಸ್‌ಟಿಡಿ ಬೂತಿನಿಂದ ಒಂದೇ ವಾರದಲ್ಲಿ ಮೂರು ಸಲ ಫೋನು ಮಾಡಿದ. ಮುದ್ದಯ್ಯನ ಫೋನೆಂದರೆ ಹೇಗೆಂದು ಎಲ್ಲರಿಗೂ ಗೊತ್ತು. ಬೂತಿನ ಮೀಟರಿನ ಕೆಂಪು ಅಂಕಿಗಳ ಮೇಲೆ ಕಣ್ಣಿಟ್ಟುಕೊಂಡೇ ಮಾತಾಡಿ, ಎರಡನೇ ನಿಮಿಷ ಬೀಳುವ ಮುಂಚೆ ಮಾತಿನ ಮಧ್ಯದಲ್ಲೇ ಇಟ್ಟುಬಿಡುತ್ತಿದ್ದ. ಹೆಂಡತಿಗೆ ಹೆರಿಗೆಯಾದ ಸುದ್ದಿಯನ್ನೂ ಅವನು ಐವತ್ತು ಸೆಕೆಂಡಿನಲ್ಲಿ ಮುಗಿಸಿದ್ದ. ಆ ವಾರ ಮೂರನೇ ಫೋನು ಬಂದಾಗ ರೇವಮ್ಮ ನಲ್ಲಿಯ ಹತ್ತಿರ ಎಲ್ಲರ ಮುಂದೆ, "ನಮ್ದೇನು ಟೆಲಿಫೋನ್ ಆಫೀಸಾ? ಕರೆದೂ ಕರೆದೂ ಕಾಲು ಬಿದ್ದೋಯ್ತು," ಎಂದಳು. ಗಂಗಲಕ್ಷ್ಮಮ್ಮನ ನಾಲಿಗೆಯೇನೂ ಸಾಮಾನ್ಯದ್ದಲ್ಲ. "ಹಂಗಾದ್ರೆ ದೇವರ ಮನೇಲಿಟ್ಟು ಮಂಗಳಾರತಿ ಎತ್ಕಂಡು ಕೂತ್ಕೊಳಿ ರೇವಕ್ಕ. ಹೆಂಗೂ ಕುಂಕುಮ ಇಟ್ಟಾಗೈತೆ," ಎಂದಳು. ಬಿಂದಿಗೆ ಹಿಡಿದು ನಿಂತಿದ್ದ ಹೆಂಗಸರೆಲ್ಲ ನಕ್ಕರು. ರೇವಮ್ಮ ತುಂಬದ ಬಿಂದಿಗೆ ಎತ್ತಿಕೊಂಡು ಒಳಗೆ ಹೋದಳು.

ಮಾರನೇ ದಿನ ಬೆಳಿಗ್ಗೆ ಏಳಕ್ಕೆ ಮುದ್ದಯ್ಯ ಮತ್ತೆ ಫೋನು ಮಾಡಿದ. ಅವ್ವನ ಉಸಿರು ಮೇಲೆ ಮೇಲೆ ಆಡುತ್ತಿದೆ, ತಂಗಿಯನ್ನು ತಕ್ಷಣ ಬಸ್ಸು ಹತ್ತಿಸಿ ಎಂದ. ರೇವಮ್ಮ "ಹೇಳ್ತೀನಿ" ಎಂದು ಇಟ್ಟಳು. ಹೇಳಲಿಲ್ಲ.

ಗಂಗಲಕ್ಷ್ಮಮ್ಮನಿಗೆ ಸುದ್ದಿ ಗೊತ್ತಾದದ್ದು ಅದರ ಮಾರನೇ ದಿನ, ತೆಂಗಿನಕಾಯಿ ವ್ಯಾಪಾರಕ್ಕೆಂದು ಗುಬ್ಬಿಗೆ ಬಂದಿದ್ದ ಕುಣಿಗಲ್ಲಿನವರೊಬ್ಬರಿಂದ. "ಏನವ್ವ, ಮಿಷಿನ್ ತುಳೀತಾ ಕುಂತಿದೀಯ? ನಿಮ್ಮವ್ವ ನೆನ್ನೆ ಹೋದ್ಳಲ್ಲ," ಎಂದರು ಅವರು. ತುಮಕೂರಿಗೆ ಒಂದು ಬಸ್ಸು, ಅಲ್ಲಿಂದ ಹೆಬ್ಬೂರು ಮೇಲೆ ಕುಣಿಗಲ್ಲಿಗೆ ಇನ್ನೊಂದು. ಅವಳು ಹೋಗುವಷ್ಟರಲ್ಲಿ ಮಣ್ಣಿನ ಮೇಲೆ ಹಾಕಿದ್ದ ಹೂವೂ ಬಾಡಿತ್ತು. ಮುದ್ದಯ್ಯ ಜಗಲಿಯಿಂದ ಏಳಲಿಲ್ಲ.

"ಏಳು ಗಂಟೆಗೇ ಫೋನ್ ಮಾಡಿದ್ದೆ. ಹೇಳ್ತೀನಿ ಅಂದ್ರು. ಹೊತ್ತು ಮುಳುಗೋಗಂಟ ಹೆಣ ಇಟ್ಕಂಡು ದಾರಿ ನೋಡಿದ್ವಿ. ಅವ್ವನ ಬಾಯಿಗೆ ಒಂದು ತೊಟ್ಟು ನೀರು ಬಿಡಕೂ ಬರ್ಲಿಲ್ಲ ನೀನು. ನಡಿ ಇನ್ನ."

ಗುಬ್ಬಿಗೆ ಬಂದು ರೇವಮ್ಮನನ್ನು ಕೇಳಿದರೆ ಆಕೆ ದೇವರ ಆಣೆ ಇಟ್ಟಳು. "ಯಾವ ಫೋನು? ಬಂದೇ ಇಲ್ಲ. ನಿಮ್ಮಣ್ಣ ಮರೆತಿರ್ತಾನೆ, ಈಗ ನಮ್ಮ ಮೇಲೆ ಹಾಕ್ತವ್ನೆ." ಅಲ್ಲಿಗೆ ಮುಗಿಯಿತು. ಬಂದಿತ್ತು ಎನ್ನುವುದಕ್ಕೆ ಮುದ್ದಯ್ಯನ ಮಾತು, ಬಂದಿಲ್ಲ ಎನ್ನುವುದಕ್ಕೆ ರೇವಮ್ಮನ ಆಣೆ. ನಡುವೆ ಸುಳ್ಳುಗಾತಿಯಾದವಳು ಗಂಗಲಕ್ಷ್ಮಮ್ಮ. ಆ ವರ್ಷ ಗೌರಿ ಹಬ್ಬಕ್ಕೆ ತವರಿನ ಬಾಗಿನ ಬರಲಿಲ್ಲ. ಸಾವಾದ ಮನೆ, ಹಬ್ಬವಿಲ್ಲ ಎಂದು ಸಮಾಧಾನ ಮಾಡಿಕೊಂಡಳು. ಆಮೇಲಿನ ಆರು ವರ್ಷಕ್ಕೆ ಅಂಥ ಸಮಾಧಾನವೂ ಸಿಗಲಿಲ್ಲ. ಅಂದಿನಿಂದ ಅವಳು ಎದುರುಮನೆಯಾಕೆಯನ್ನು ರೇವಕ್ಕ ಎನ್ನುವುದು ಬಿಟ್ಟು ರೇವಮ್ಮನವರೇ ಎನ್ನತೊಡಗಿದಳು. ರೇವಮ್ಮ ಅದನ್ನು ಮರ್ಯಾದೆ ಎಂದುಕೊಂಡಳು.

ಅವಳಿಗೆ ಬೇಕಾಗಿದ್ದದ್ದು ಒಂದೇ. ಆ ಹೆಂಗಸು ತನ್ನ ಬಾಯಿಂದಲೇ ಮುದ್ದಯ್ಯನಿಗೆ, ಫೋನು ಬಂದಿತ್ತು, ನಾನು ಹೇಳಲಿಲ್ಲ ಎನ್ನಬೇಕು. ಅದಾಗದಿದ್ದರೆ, ಕಾದ ಫೋನು ಕೈತಪ್ಪಿದರೆ ಹೊಟ್ಟೆಯಲ್ಲಿ ಏನಾಗುತ್ತದೆ ಎಂಬುದು ಆಕೆಗೂ ಒಂದು ದಿನ ಗೊತ್ತಾಗಬೇಕು. ಏಳು ವರ್ಷ ಮಿಷಿನ್ ತುಳಿಯುತ್ತ ಕೂತವಳಿಗೆ ಇದನ್ನು ಯೋಚಿಸುವುದಕ್ಕೆ ಬೇಕಾದಷ್ಟು ಹೊತ್ತಿತ್ತು.

ಎರಡು ಸಾವಿರದ ಆರರ ಸಂಕ್ರಾಂತಿ ಕಳೆದ ವಾರ ರಸ್ತೆ ಅಗಲ ಮಾಡುವವರು ಅಗೆದು ಅಗೆದು ಕೇಬಲ್ಲು ತುಂಡು ಮಾಡಿದರು. ಕಸೂತಿ ಬಟ್ಟೆಯ ಕೆಳಗಿನ ಫೋನು ಸತ್ತಿತು. ಸದಾಶಿವಯ್ಯ ದಿನಕ್ಕೊಂದು ದೂರು ಬರೆದರೇ ಹೊರತು ಮೊಬೈಲ್ ತರಲಿಲ್ಲ. ಸೊಪ್ಪು ಮಾರುವವರೂ ಕುತ್ತಿಗೆಗೆ ನೇತುಹಾಕಿಕೊಂಡಿರುವುದನ್ನು ತಾವು ಇಟ್ಟುಕೊಳ್ಳುವುದೇ ಎಂಬುದು ಅವರ ವಾದ. ಓಣಿಯಲ್ಲಿ ಅಷ್ಟು ಹೊತ್ತಿಗೆ ಮೂರ್ನಾಲ್ಕು ಮೊಬೈಲ್ ಇದ್ದವು. ಆದರೆ ಅವೆಲ್ಲ ಬೆಳಿಗ್ಗೆ ಗಂಡಸರ ಜೇಬಿನಲ್ಲಿ ಕೂತು ಕೆಲಸಕ್ಕೆ ಹೊರಟುಹೋಗುತ್ತಿದ್ದವು. ಹಗಲೆಲ್ಲ ಮನೆಯಲ್ಲೇ ಇರುವ ಫೋನು ಯಾರದೂ ಇರಲಿಲ್ಲ. ಲೈನು ಸತ್ತ ಐದನೇ ದಿನಕ್ಕೆ ಗಂಗಲಕ್ಷ್ಮಮ್ಮ ತುಮಕೂರಿನ ಬಸ್ಸು ಹತ್ತಿದ್ದಳು.

ಫೋನು ತಂದ ಸಂಜೆ ಗಂಡ ಕದರಯ್ಯ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಕೊಬ್ಬರಿ ಮಂಡಿಯಲ್ಲಿ ತೂಕ ಹಾಕುವವನು, ಏನು ಸಿಕ್ಕರೂ ಮೊದಲು ಅಂಗೈಯಲ್ಲಿಟ್ಟು ತೂಗಿ ನೋಡುತ್ತಾನೆ. "ಇಷ್ಟು ದುಡ್ಡು ಕೊಟ್ಟು ಸುಮ್ಕೆ ಇಟ್ಕಂಡು ಕೂರಕಾ?" ಎಂದ.

"ಹೂಂ. ಸುಮ್ಕೆ ಇಟ್ಕಂಡು ಕೂರಕೇ."

ಹೆಬ್ಬೂರಿಗೆ ಕೊಟ್ಟಿದ್ದ ಮಗಳು ಪ್ರಮೀಳಾ ಆ ಭಾನುವಾರ ಬಂದವಳು ಮೂರು ನಂಬರುಗಳನ್ನು ಹಾಕಿಕೊಟ್ಟಳು. ಒಂದು ತನ್ನದು, ಒಂದು ಮಂಡಿಯದು. ಮೂರನೆಯದು ಕುಣಿಗಲ್ ಮಾವನದು. ಅವನೂ ಈಗ ಮೊಬೈಲ್ ಇಟ್ಟಿದ್ದಾನೆ ಎಂದಳು. "ನಾನೇನು ಮಾಡಾಕಿಲ್ಲ ಬುಡು," ಎಂದಳು ತಾಯಿ. ಅಳಿಸು ಎನ್ನಲಿಲ್ಲ. ಅಲ್ಲಿಂದ ಮುಂದೆ ರಾತ್ರಿ ಊಟದ ಹೊತ್ತಿಗೆ ಪ್ರಮೀಳಾಳಿಂದ ಒಂದು ರಿಂಗು ಬಂದು ನಿಲ್ಲುವುದು, ಚೆನ್ನಾಗಿದ್ದೀನಿ ಎಂದು. ಇವಳೂ ತಿರುಗಿ ಒಂದು ರಿಂಗು ಕೊಟ್ಟು ಕಟ್ ಮಾಡುವಳು, ನಾವೂ ಚೆನ್ನಾಗಿದ್ದೀವಿ ಎಂದು. ಕರೆನ್ಸಿಯ ಆರು ರೂಪಾಯಿ ಹಾಗೇ ಇತ್ತು.

ಅವಳು ಲೆಕ್ಕ ಹಾಕಿದ್ದ ಹಾಗೆಯೇ ನಾಲ್ಕನೇ ದಿನ ರೇವಮ್ಮ ಬಾಗಿಲಿಗೆ ಬಂದಳು. ಕೃತಿಕಾಳನ್ನು ತುಮಕೂರಿಗೆ ಕೊಟ್ಟಿತ್ತು. ಚೊಚ್ಚಲ ಬಸುರಿ. ಬಸ್ಸು ಹತ್ತಬಾರದು, ಹಾಸಿಗೆ ಬಿಟ್ಟು ಏಳಬಾರದು ಎಂದು ಡಾಕ್ಟರು ಹೇಳಿದ್ದರಿಂದ ಹೆರಿಗೆಗೆ ತವರಿಗೆ ಬರುವಂತಿರಲಿಲ್ಲ.

"ಒಂದಿಷ್ಟು ದಿನ ನಿನ್ನ ನಂಬರ್ ಕೊಟ್ಟಿರ್ತೀನಿ ಕಣೇ ಗಂಗಾ. ಏನಾರ ಅಂದ್ರೆ ಒಂದು ಕೂಗು ಹಾಕು. ನಾನೇ ಹೋಗಿ ಅಲ್ಲಿ ಇರಾನಾ ಅಂದ್ರೆ ನಮ್ಮೆಜಮಾನ್ರಿಗೆ ಶುಗರ್ರು, ಹೊತ್ತೊತ್ತಿಗೆ ಊಟ ಇಕ್ಕಬೇಕು. ದಿನ ಹತ್ರ ಬಂದಾಗ ಹೋಗ್ತೀನಿ."

"ಧಾರಾಳವಾಗಿ ಕೊಡಿ ರೇವಮ್ಮನವ್ರೆ," ಎಂದಳು ಗಂಗಲಕ್ಷ್ಮಮ್ಮ. "ಅಷ್ಟೂ ಮಾಡಾಕಿಲ್ವಾ ನಾನು?"

ಮುಂದಿನ ಎರಡು ವಾರ ಅವಳು ಮಾಡಿದ ಸೇವೆಯನ್ನು ಓಣಿಯೇ ಹೊಗಳಿತು. ಕೃತಿಕಾಳ ಗಂಡ ನಾಗಭೂಷಣ್ ಫೋನು ಮಾಡಿ ಮಾತ್ರೆ ಬದಲಾಯಿಸಿದ್ದಾರೆ ಎಂದರೆ ಓಡಿ ಹೋಗಿ ಹೇಳಿದಳು. ಕೃತಿಕಾಳಿಗೆ ಹಿತಕಿದವರೆ ಬೇಳೆ ಸಾರಿನ ಆಸೆಯಾಗಿದೆ ಎಂದರೆ ಒಲೆಯ ಮೇಲಿನ ಹಾಲನ್ನು ಬಿಟ್ಟು ಹೋಗಿ ಹೇಳಿದಳು. ಒಂದು ಸುದ್ದಿಯೂ ತಡವಾಗಲಿಲ್ಲ. ಅಂಥ ನಂಬಿಕೆ ಬೆಳೆಯದಿದ್ದರೆ ಮುರಿಯುವುದಾದರೂ ಏನನ್ನು?

ಫೆಬ್ರವರಿ ಎರಡನೇ ಗುರುವಾರ. ರೇವಮ್ಮ ಎದುರುಮನೆಯ ಜಗಲಿಯಲ್ಲಿ ಕಾಲು ಚಾಚಿ ಕೂತು, ನೆನೆಹಾಕಿದ ಅವರೆಕಾಳನ್ನು ಹಿತಕುತ್ತಿದ್ದಳು. ಬೆರಳಲ್ಲಿ ಒತ್ತಿದರೆ ಕಾಳು ಸಿಪ್ಪೆ ಬಿಟ್ಟು ಪಾತ್ರೆಗೆ ಹಾರುತ್ತಿತ್ತು. ನಾಳೆ ಮಗಳ ಮನೆಗೆ ಒಯ್ಯುವುದಕ್ಕೆ. ಕಿಟಕಿಯ ಈಚೆ ಮಿಷಿನ್ ಮುಂದೆ ಗಂಗಲಕ್ಷ್ಮಮ್ಮ. ಫೋನು ಕತ್ತರಿಯ ಪಕ್ಕದಲ್ಲಿತ್ತು. ಅದು ಬಡಿದುಕೊಂಡಿತು.

"ಗಂಗಮ್ಮನವ್ರೆ, ನಾಗಭೂಷಣ್. ಕೃತಿಕಾಗೆ ನೋವು ಶುರುವಾಗಿದೆ, ದಿನಕ್ಕೆ ಮುಂಚೇನೇ. ಆಸ್ಪತ್ರೆಗೆ ಸೇರಿಸಿದೀವಿ. ಬಿ.ಪಿ. ಬೇರೆ ಜಾಸ್ತಿ ಇದೆಯಂತೆ. ಅಮ್ಮ ಅಮ್ಮ ಅಂತ ಒಂದೇ ಸಮ ಅಳ್ತಿದಾಳೆ. ಅತ್ತೇನ ಈಗಿಂದೀಗ್ಲೇ ಬಸ್ ಹತ್ತಿಸ್ಬಿಡಿ."

"ಹೇಳ್ತೀನಿ," ಎಂದಳು.

ಮಾತು ಬಾಯಿಂದ ಹೊರಬಿದ್ದ ಮೇಲೆ ಅವಳಿಗೇ ಕೇಳಿಸಿತು. ಅದೇ ಮಾತು. ಫೋನನ್ನು ಕತ್ತರಿಯ ಪಕ್ಕದಲ್ಲಿ ಇಟ್ಟು, ಅದರ ಮೇಲೊಂದು ರವಿಕೆ ಬಟ್ಟೆ ಹಾಕಿದಳು. ಸುಳ್ಳು ಯಾಕೆ, ಅವಳಿಗೆ ಖುಷಿಯಾಯಿತು. ಏಳು ವರ್ಷದಿಂದ ಎದೆಯಲ್ಲಿ ಕೂತಿದ್ದದ್ದು ಒಂದು ಸಲ ಮೈಮುರಿದು ಎದ್ದಂತಾಯಿತು. ಗುಬ್ಬಿಯಿಂದ ತುಮಕೂರಿಗೆ ಅರ್ಧ ಗಂಟೆಗೊಂದು ಬಸ್ಸು, ಮುಕ್ಕಾಲು ಗಂಟೆ ದಾರಿ. ಹತ್ತರ ಬಸ್ಸು ಹೋಯಿತು. ಅವಳು ತೋಳು ಕೂಡಿಸಿದಳು. ಹತ್ತೂವರೆಯ ಬಸ್ಸು ಹೋಯಿತು. ಕೊರಳಿಗೆ ಪಟ್ಟಿ ಹಚ್ಚಿದಳು. ಎದುರಿಗೆ ರೇವಮ್ಮ ಹಿತಕುತ್ತಲೇ ಇದ್ದಳು, ನಡುವೆ ಒಂದು ಸಲ ತಲೆಯೆತ್ತಿ "ಏನೇ ಗಂಗಾ, ಇವತ್ತು ಬಿಸ್ಲು ಈಗ್ಲೇ ಹಿಂಗೆ!" ಎಂದಳು. "ಹೂಂ ರೇವಮ್ಮನವ್ರೆ," ಎಂದಳು ಇವಳು. ಕಾಳು ಒಂದೊಂದೇ ಪಾತ್ರೆಗೆ ಬೀಳುವುದನ್ನು ನೋಡುತ್ತ, ಅವತ್ತು ಬೆಳಿಗ್ಗೆ ರೇವಮ್ಮನೂ ಹೀಗೇ ಕಿಟಕಿಯಿಂದ ತನ್ನನ್ನು ನೋಡುತ್ತಿದ್ದಿರಬೇಕು ಎಂದುಕೊಂಡಳು.

ಹನ್ನೊಂದಕ್ಕೆ ಹತ್ತು ನಿಮಿಷವಿದ್ದಾಗ ಮತ್ತೆ ಫೋನು. ಈ ಸಲ ಕೃತಿಕಾ. ದನಿ ಎಲ್ಲೋ ಆಳದಿಂದ ಬರುತ್ತಿತ್ತು.

"ಗಂಗಕ್ಕಾ… ಅಮ್ಮ ಹೊರಟ್ರಾ?"

"ಹೊರಟ್ರು ಕಣವ್ವ. ಆವಾಗ್ಲೇ ಹೊರಟ್ರು."

"ಇವ್ರು ಇನ್ಯಾವುದಾದ್ರೂ ನಂಬರ್ ಇದ್ರೆ ಕೊಡು ಅಂದ್ರು. ಬೇಡ ಅಂದೆ ಗಂಗಕ್ಕ. ನೀವು ಹೇಳೇ ಹೇಳ್ತೀರ ಅಂದೆ." ಉಸಿರು ಕಟ್ಟಿ, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಬಂತು. "ನಮ್ಮಮ್ಮ ನಿಮ್ಗೆ ಮಾಡ್ದಂಗೆ ನೀವು ಮಾಡಲ್ಲ ಅಂತ ನಂಗೊತ್ತು."

ಆಮೇಲೆ ಯಾರೋ ಫೋನು ಕಿತ್ತುಕೊಂಡ ಸದ್ದು, ಕಟ್.

ಗಂಗಲಕ್ಷ್ಮಮ್ಮ ಫೋನು ಹಿಡಿದುಕೊಂಡೇ ಕೂತಳು. ಅವತ್ತು ಆ ಹುಡುಗಿಗೆ ಹದಿನಾಲ್ಕು ವರ್ಷ. ಬೆಳಿಗ್ಗೆ ಯೂನಿಫಾರಂ ಹಾಕಿ, ಎರಡು ಜಡೆ ಮಡಚಿ ಕಟ್ಟಿಕೊಂಡು ಗೇಟಿನಲ್ಲಿ ನಿಂತಿದ್ದಳು. ನಲ್ಲಿಯ ಹತ್ತಿರ ಇವಳನ್ನು ನೋಡಿ ಏನೋ ಹೇಳುವಂತೆ ಬಾಯಿ ತೆರೆದು, ಹಿಂದಕ್ಕೊಮ್ಮೆ ತಿರುಗಿ, ತಲೆ ತಗ್ಗಿಸಿ ಹೋಗಿಬಿಟ್ಟಿದ್ದಳು. ಸ್ಕೂಲಿಗೆ ಹೊತ್ತಾಯಿತೇನೋ ಎಂದುಕೊಂಡಿದ್ದಳು ಗಂಗಲಕ್ಷ್ಮಮ್ಮ. ಹಾಗಾದರೆ ಆ ಮಗುವಿಗೂ ಗೊತ್ತಿತ್ತು. ಏಳು ವರ್ಷ ಲಂಗ, ಚೂಡಿದಾರ, ಮದುವೆಯ ರವಿಕೆ ಎಲ್ಲವನ್ನೂ ಅಳತೆ ಕೊಟ್ಟು ಹೊಲಿಸಿಕೊಂಡು ಹೋದವಳಿಗೆ ಗೊತ್ತಿತ್ತು. ಗಂಗಲಕ್ಷ್ಮಮ್ಮನಿಗೆ ಕನಿಕರ ಬಂತೆಂದು ಯಾರಾದರೂ ತಿಳಿದರೆ ತಪ್ಪು. ಬಂದದ್ದು ಸಿಟ್ಟು, ಮೊದಲಿಗಿಂತ ಜಾಸ್ತಿ. ಫೋನು ಹಿಡಿದುಕೊಂಡು ಬೀದಿ ದಾಟಿದಳು.

"ರೇವಮ್ಮನವ್ರೆ, ಅವತ್ತು ಕುಣಿಗಲ್ಲಿಂದ ಫೋನ್ ಬಂದಿತ್ತಾ?"

ರೇವಮ್ಮನ ಬೆರಳಲ್ಲಿದ್ದ ಕಾಳು ಅಲ್ಲೇ ನಿಂತಿತು. "ಯಾವತ್ತು? ಏನೇ ಇದು, ಹಳೇ ಕಾಲದ್ದು…"

"ಇವತ್ತು ತುಮಕೂರಿಂದ ಬಂದೈತೆ. ಅದೇನು ಅಂತ ಆಮೇಲೆ ಹೇಳ್ತೀನಿ. ಮೊದ್ಲು ನೀವು ಅವತ್ತಿಂದು ಹೇಳಿ."

"ಏನಾಯ್ತೇ? ಕೃತಿಕಾಗೆ ಏನಾಯ್ತು? ಗಂಗಾ, ಆಟ ಆಡಬ್ಯಾಡ ಕಣೇ…"

"ಬಂದಿತ್ತಾ, ಇಲ್ವಾ?"

ರೇವಮ್ಮ ಎದ್ದು ನಿಂತಳು. ಮಡಿಲಿನ ಸಿಪ್ಪೆಯೆಲ್ಲ ಜಗಲಿಗೆ ಚೆಲ್ಲಿತು. ಒಳಗಿನಿಂದ ಸದಾಶಿವಯ್ಯ ಯಾರದು ಎಂದು ಕೇಳಿದರು. ಆಕೆ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ಬಂದಿತ್ತು ಕಣೇ. ಬಂದಿತ್ತು. ನಲ್ಲಿ ಹತ್ರ ಎಲ್ಲರ ಮುಂದೆ ನನ್ನ ಆಡ್ಕಂಡಿದ್ದೆ ನೀನು. ಹೊಟ್ಟೆ ಉರೀತಿತ್ತು. ಮಧ್ಯಾಹ್ನ ಹೇಳಿದ್ರಾಯ್ತು, ಕಾಯ್ಲಿ ಒಂದಿಷ್ಟು ಅಂದ್ಕಂಡೆ. ಆಮೇಲೆ ಹೋಗೇಬಿಟ್ರು ಅಂತ ಗೊತ್ತಾಯ್ತು. ಹೆಂಗೆ ಹೇಳ್ಲಿ ಇನ್ನ? ಈಗ ಹೇಳು, ನಿನ್ನ ಕಾಲಿಗೆ ಬೀಳ್ತೀನಿ."

"ನಂಗಲ್ಲ. ನಂಗೆ ಗೊತ್ತೇ ಐತಲ್ಲ." ಗಂಗಲಕ್ಷ್ಮಮ್ಮ ಮೂರನೇ ನಂಬರು ಒತ್ತಿದಳು. ಇದೇ ಮೊದಲ ಸಲ ಅವಳು ಕಟ್ ಮಾಡದೆ ರಿಂಗು ಪೂರ್ತಿ ಹೋಗಲು ಬಿಟ್ಟಳು. ಆ ಕಡೆಯಿಂದ "ಹಲೋ, ಯಾರು?" ಎಂದು ಗಂಡು ದನಿ ಕೇಳಿದ್ದೇ ಫೋನನ್ನು ರೇವಮ್ಮನ ಕಿವಿಗೆ ಒತ್ತಿ ಹಿಡಿದಳು.

"ನಾನು… ಗುಬ್ಬಿಯಿಂದ. ಗಂಗನ ಎದುರುಮನೆ ರೇವಮ್ಮ." ಆಕೆಯ ಕಣ್ಣು ಗಂಗಲಕ್ಷ್ಮಮ್ಮನ ಮುಖದ ಮೇಲೇ ಇತ್ತು. "ಅವತ್ತು ನಿಮ್ಮವ್ವಂಗೆ ಹುಷಾರಿಲ್ಲ ಅಂತ ಮಾಡಿದ್ರಲ್ಲ… ತಗಂಡಿದ್ದು ನಾನೇ. ಅವಳಿಗೆ ಹೇಳ್ಲಿಲ್ಲ. ಅವಳಿಗೆ ಗೊತ್ತೇ ಇರ್ಲಿಲ್ಲ… ಇಲ್ಲ, ಮರೀಲಿಲ್ಲ. ಬೇಕಂತಲೇ… ಹೂಂ. ಬೇಕಂತಲೇ ಹೇಳ್ಲಿಲ್ಲ… ಸುಳ್ಳು ಆಣೆ ಇಟ್ಟೆ." ಆಕೆ ಅಳತೊಡಗಿದಳು. ಅಳುತ್ತಲೇ ಆ ಕಡೆಯ ಮಾತನ್ನು ಕೇಳಿಸಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಫೋನು ಟುಂಯ್ ಎಂದು ಸುಮ್ಮನಾಯಿತು. ಚಂದ್ರು ಹೇಳಿದ್ದ ಮೂರು ನಿಮಿಷ ಮುಗಿದಿತ್ತು. ಮುದ್ದಯ್ಯ ಏನೆಂದನೋ ಗಂಗಲಕ್ಷ್ಮಮ್ಮನಿಗೆ ಕೇಳಿಸಲಿಲ್ಲ, ಕೇಳುವ ಹಾಗೂ ಇರಲಿಲ್ಲ.

"ಕೃತಿಕಾಗೆ ನೋವು ಬಂದೈತೆ. ಆಸ್ಪತ್ರೆಗೆ ಸೇರ್ಸವ್ರೆ. ನಿಮ್ಮನ್ನ ಕೇಳ್ತಾವ್ಳೆ, ಹೋಗಿ."

ರೇವಮ್ಮ ಕಣ್ಣೊರೆಸಿಕೊಳ್ಳುತ್ತಿದ್ದ ಸೆರಗನ್ನು ಹಾಗೇ ಹಿಡಿದು ಕೇಳಿದಳು. "ಎಷ್ಟೊತ್ತಿಗೆ ಬಂದಿತ್ತು ಫೋನು?"

ಗಂಗಲಕ್ಷ್ಮಮ್ಮ ಸುಳ್ಳು ಹೇಳಬಹುದಿತ್ತು. ಆದರೆ ಆ ಗಂಟೆ ಫೋನಿನೊಳಗೆ ಕೂತಿತ್ತು. "ಒಂಬತ್ತೂ ನಲವತ್ತೆರಡು."

ಒಳಗಿನ ಗಡಿಯಾರದಲ್ಲಿ ಹನ್ನೊಂದೂ ಕಾಲು. ರೇವಮ್ಮ ಗಡಿಯಾರವನ್ನೂ ಇವಳನ್ನೂ ಒಂದೊಂದು ಸಲ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಗಂಗಲಕ್ಷ್ಮಮ್ಮನ ಹತ್ತಿರ ಏಳು ವರ್ಷದಿಂದ ಸಿದ್ಧವಾಗಿದ್ದ ಉತ್ತರವಿತ್ತು. ಆಕೆ ಚಪ್ಪಲಿಯಿಲ್ಲದ ಕಾಲಲ್ಲಿ, ಅವರೆಯ ವಾಸನೆಯ ಕೈಯಲ್ಲಿ, ಗಂಡನಿಗೂ ಒಂದು ಮಾತು ಹೇಳದೆ ಬಸ್‌ಸ್ಟ್ಯಾಂಡಿನ ಕಡೆ ಓಡಿದಳು. ಅರವತ್ತರ ಹೆಂಗಸು ಹಾಗೆ ಓಡುವುದನ್ನು ಓಣಿಯವರು ಬಾಗಿಲಿಗೆ ಬಂದು ನೋಡಿದರು.

ಗಂಗಲಕ್ಷ್ಮಮ್ಮ ಮನೆಗೆ ಬಂದು ಮಿಷಿನ್ ಮುಂದೆ ಕೂತಳು. ಸೂಜಿಗೆ ದಾರ ಪೋಣಿಸಲು ನೋಡಿದಳು, ಆಗಲಿಲ್ಲ. ಬೇಕಾದದ್ದೆಲ್ಲ ಸಿಕ್ಕಿತ್ತು. ಆಕೆಯ ಬಾಯಿಂದಲೇ, ಅವನ ಕಿವಿಗೇ. ಇನ್ನೇನು ಬೇಕು?

ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ಫೋನು ಬಡಿದುಕೊಂಡಿತು. ಅಣ್ಣನೇ ಎಂದು ತೆಗೆದರೆ ನಾಗಭೂಷಣ್. ಅವನ ದನಿಯಲ್ಲಿ ನಗುವಿತ್ತು. "ಹೆಣ್ಣು ಮಗು ಗಂಗಮ್ಮನವ್ರೆ! ಈಗ ಐದು ನಿಮಿಷ ಆಯ್ತು. ತಾಯಿ ಮಗು ಇಬ್ರೂ ಚೆನ್ನಾಗಿದಾರೆ. ಒಳಗೆ ಹೋಗೋ ಗಂಟ ಬಾಗಿಲ ಕಡೇನೇ ನೋಡ್ತಿದ್ಳು. ಅತ್ತೆ ಇನ್ನೂ ಬಂದೇ ಇಲ್ವಲ್ಲ? ಆವಾಗ್ಲೇ ಹೊರಟ್ರು ಅಂದ್ರಲ್ಲ ನೀವು?"

ಗಂಗಲಕ್ಷ್ಮಮ್ಮ ಕಿಟಕಿಯಾಚೆ ನೋಡಿದಳು. ಎದುರು ಜಗಲಿಯ ಮೇಲೆ ಸಿಪ್ಪೆ ಹರಡಿತ್ತು. ಕಾಳಿನ ಪಾತ್ರೆಗೆ ಕಾಗೆಯೊಂದು ಬಾಯಿ ಹಾಕುತ್ತಿತ್ತು.

"ಹೊರಟಿದ್ರು," ಎಂದಳು. "ಬಸ್ಸು ಲೇಟಾಗಿರ್ಬೇಕು."

ನಾಗಭೂಷಣ್ ನಂಬಿದ. ಅವನಿಗೆ ನಂಬದೆ ಇರುವುದಕ್ಕೆ ಕಾರಣವೇ ಇರಲಿಲ್ಲ. ಫೋನು ಇಟ್ಟ ಮೇಲೆ ಅವಳು ಎದ್ದು ಹೋಗಿ ಎದುರುಮನೆಯ ಕಾಗೆ ಓಡಿಸಿ, ಪಾತ್ರೆಗೆ ಮುಚ್ಚಳ ಹಾಕಿದಳು. ಸಿಪ್ಪೆಯನ್ನು ಗುಡಿಸಿ ಒಂದು ಕಡೆ ಮಾಡಿದಳು. ಬಾಗಿಲಿಗೆ ಬಂದ ಸದಾಶಿವಯ್ಯನವರಿಗೆ "ಮೊಮ್ಮಗಳು ಹುಟ್ಟವ್ಳೆ. ಊಟ ನಾನು ಇಕ್ತೀನಿ, ಕೂತ್ಕೊಳಿ," ಎಂದಳು. ಅವರು ಸಂತೋಷಕ್ಕೆ ಏನು ಹೇಳಬೇಕೋ ತೋಚದೆ, ನಿನ್ನ ಮೊಬೈಲಿಂದ ಎಷ್ಟು ಉಪಕಾರವಾಯಿತಮ್ಮ ಎಂದರು. ಅದನ್ನು ಕೇಳಿಸಿಕೊಂಡು ನಿಂತಿರುವುದು ಅವಳಿಗೆ ಕಷ್ಟವಾಯಿತು.

ಅವರ ಅಡಿಗೆಮನೆಯಲ್ಲಿ ತಟ್ಟೆ ಹುಡುಕುತ್ತಿದ್ದಾಗ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಫೋನು ಮತ್ತೆ ಬಡಿದುಕೊಂಡಿತು. ಮೂರನೇ ನಂಬರು.

"ಹಲೋ," ಎಂದಿತು ಆ ಕಡೆಯ ದನಿ. "ಆವಾಗ ಮಾತಾಡ್ತಿದ್ದಂಗೇ ಕಟ್ ಆಯ್ತು. ತಿರುಗಿ ಮಾಡನ ಅಂದ್ರೆ…" ಎಂದು ನಿಂತು, "ಯಾರು ಈಗ ಮಾತಾಡ್ತಿರದು?" ಎಂದು ಕೇಳಿತು.

"ನಾನು ಕಣಣ್ಣಯ್ಯ. ಗಂಗಾ."

ಅತ್ತ ಕಡೆ ಮಾತಿಲ್ಲ. ನೋಡಿದ್ಯಾ, ನಾನು ಸುಳ್ಳು ಹೇಳಿರಲಿಲ್ಲ ಎಂದು ಏಳು ವರ್ಷದಿಂದ ಮನಸ್ಸಿನಲ್ಲೇ ಹೇಳಿ ಹೇಳಿ ಸವೆಸಿದ್ದ ಮಾತು ಗಂಟಲಿಗೇ ಬರಲಿಲ್ಲ. ಕುಣಿಗಲ್ಲಿನ ಯಾವುದೋ ರಸ್ತೆಯಲ್ಲಿ ಲಾರಿಯೊಂದು ಹಾರನ್ ಹೊಡೆದು ಹೋದದ್ದು ಮಾತ್ರ ಕೇಳಿಸಿತು. ಆಮೇಲೆ ಅದೂ ಇಲ್ಲ. ಇಟ್ಟುಬಿಟ್ಟನೇನೋ ಎಂದು ಅವಳು ಫೋನನ್ನು ಕಿವಿಯಿಂದ ತೆಗೆದು ನೋಡಿದಳು. ಇಟ್ಟಿರಲಿಲ್ಲ. ಸಣ್ಣ ಹಸಿರು ಬೆಳಕಿನಲ್ಲಿ ಅಂಕಿಗಳು ಓಡುತ್ತಿದ್ದವು. ಐವತ್ತು. ಐವತ್ತೈದು. ಐವತ್ತೊಂಬತ್ತು.

ಅವಳು ಅದನ್ನೇ ನೋಡುತ್ತ ನಿಂತಳು. ಒಂದು ನಿಮಿಷ ದಾಟಿತು. ಒಂದು ನಿಮಿಷ ಒಂದು ಸೆಕೆಂಡು. ಒಂದು ನಿಮಿಷ ಎರಡು.